ಎರಡನೆಯ ವರ್ಷದ ಬಾಗಿಲು

ಡಿಪ್ಲೊಮಾ ಮುಗಿಸಿದವರಿಗೆ ಇಂಜಿನಿಯರಿಂಗ್ ಕಾಲೇಜಿನ ಎರಡನೆಯ ವರ್ಷಕ್ಕೆ ನೇರವಾಗಿ ಪ್ರವೇಶ ದೊರೆಯುವುದುಂಟು. ಕರ್ನಾಟಕ ಪರೀಕ್ಷಾ ಪ್ರಾಧಿಕಾರದವರು ನಡೆಸುವ ಡಿಸಿಇಟಿ ಪರೀಕ್ಷೆಯೇ ಅದಕ್ಕೆ ಹೆಬ್ಬಾಗಿಲು. ರ‍್ಯಾಂಕು ತಿಳಿದೊಡನೆ ರಾಜಾಜಿನಗರ, ವಿಜಯನಗರಗಳ ಮನೆಗಳಲ್ಲಿ ಒಂದೇ ಚರ್ಚೆ: ಪಟ್ಟಿಯಲ್ಲಿ ಯಾವ ಕಾಲೇಜನ್ನು ಮೊದಲು ಬರೆಯುವುದು?

“ದೊಡ್ಡ ಕಾಲೇಜು ನಮಗೆಲ್ಲಿ ಸಿಕ್ಕೀತು?” ಎಂದು ಅಂಜಿ ಅದನ್ನು ಕೆಳಗೆ ಬರೆಯುವವರುಂಟು. ಇದು ತಪ್ಪು ಲೆಕ್ಕ. ಪಟ್ಟಿಯನ್ನು ಮೇಲಿನಿಂದ ನೋಡುತ್ತ ಬಂದು, ರ‍್ಯಾಂಕಿಗೆ ಎಟುಕುವ ಮೊದಲ ಸೀಟನ್ನೇ ಹಂಚಲಾಗುತ್ತದೆ. ಮೇಲಿನದು ಸಿಗದಿದ್ದರೆ ಕೆಳಗಿನದಕ್ಕೆ ಹಾನಿಯಿಲ್ಲ. ಮೇಲಿನದು ಸಿಕ್ಕಿತೆಂದರೆ ಕೆಳಗಿನವು ಕೈತಪ್ಪಿದಂತೆಯೇ. ಆದುದರಿಂದ ಪಟ್ಟಿಯನ್ನು ಇಚ್ಛೆಯ ಅನುಕ್ರಮದಲ್ಲಿಯೇ ಬರೆಯತಕ್ಕದ್ದು.

ಆ ಇಚ್ಛೆಯಾದರೂ ವಿಚಾರದಿಂದ ಹುಟ್ಟಬೇಕು. ಮೈಸೂರು ರಸ್ತೆಯ ಆರ್.ವಿ., ಮಲ್ಲತ್ತಹಳ್ಳಿಯ ಡಾ. ಅಂಬೇಡ್ಕರ್ ಕಾಲೇಜುಗಳು ಸ್ವಾಯತ್ತವಾದವು, ಪಠ್ಯಕ್ರಮ ಅವುಗಳದೇ. ಮೊದಲ ವರ್ಷದ ಗಣಿತಪಾಠ ತಪ್ಪಿದವರಿಗೆ ಏನು ನೆರವುಂಟು, ಪ್ರಯೋಗಶಾಲೆ ಹೇಗಿದೆ, ಶುಲ್ಕವೆಷ್ಟು ಎಂಬುದನ್ನು ಖುದ್ದಾಗಿ ಹೋಗಿ ವಿಚಾರಿಸಬೇಕು. 2021ರಲ್ಲಿ ಮೆಟ್ರೋ ಕೆಂಗೇರಿಯನ್ನು ಮುಟ್ಟಿದ ಮೇಲೆ ವಿಜಯನಗರದವರಿಗೆ ಮೈಸೂರು ರಸ್ತೆಯ ಪಯಣ ಸುಗಮವಾಗಿದೆ.

ಸೇರಲೊಲ್ಲದ ಕಾಲೇಜನ್ನು ಮಾತ್ರ ಪಟ್ಟಿ ತುಂಬಲೆಂದು ಬರೆಯದಿರಿ. ದೊರೆತಲ್ಲಿ ಮೂರು ವರ್ಷ ಕಳೆಯಬೇಕಾದವರು ಓದುವ ಮಕ್ಕಳು. ಕೊನೆಯ ಮಾತು ಅವರದಾಗಿರಲಿ.