ಮೊಸೆಲ್ ಕಣಿವೆ: ದ್ರಾಕ್ಷಿ ಸಾಲುಗಳ ನಡುವೆ 365 ಕಿ.ಮೀ. ಚಾರಣ

ಜರ್ಮನಿ, ಫ್ರಾನ್ಸ್, ಲಕ್ಸೆಂಬರ್ಗ್‌ಗಳ ಗಡಿ ಕೂಡುವ ಕಡೆ ಪೆರ್ಲ್ ಎಂಬ ಪುಟ್ಟ ಊರಿದೆ. ಅಲ್ಲಿಂದ ಹೊರಟು, ಮೊಸೆಲ್ ನದಿಯ ಜೊತೆಗೇ ಸಾಗಿ, ಆ ನದಿ ರೈನ್‌ಗೆ ಸೇರುವ ಕೊಬ್ಲೆನ್ಸ್‌ನಲ್ಲಿ ಮುಗಿಯುವ ಚಾರಣದ ಹಾದಿಯೇ ಮೊಸೆಲ್‌ಸ್ಟೈಗ್. ಉದ್ದ 365 ಕಿ.ಮೀ. 2014ರಲ್ಲಿ ತೆರೆದ ಈ ಹಾದಿಯನ್ನು 24 ಹಂತಗಳಾಗಿ ವಿಂಗಡಿಸಿದ್ದಾರೆ. ಸಂಜೆಗೆ ಊರೊಂದು ಸಿಗುವುದರಿಂದ ಡೇರೆ ಹೊರುವ ಕಷ್ಟವಿಲ್ಲ. ಎಲ್ಲವನ್ನೂ ಒಂದೇ ಸಲ ನಡೆಯಬೇಕೆಂದೂ ಇಲ್ಲ.

ಮೊದಲ ಹಂತಗಳಲ್ಲಿ ಕಾಲಡಿ ಇರುವುದು ಸುಣ್ಣಕಲ್ಲಿನ ನೆಲ. ಇಲ್ಲಿನ ಹಳೆಯ ತಳಿ ಎಲ್ಬ್ಲಿಂಗ್ ದ್ರಾಕ್ಷಿ. ಟ್ರಿಯರ್ ನಗರ ದಾಟಿದ ಮೇಲೆ ಕಣಿವೆಯ ಬಣ್ಣವೇ ಬದಲಾಗುತ್ತದೆ. ಗುಡ್ಡದ ಮೈತುಂಬ ಕಪ್ಪು ಸ್ಲೇಟ್ ಕಲ್ಲಿನ ಚೂರುಗಳು, ಅವುಗಳ ನಡುವೆ ರೀಸ್ಲಿಂಗ್ ತಳಿಯ ಬಳ್ಳಿಗಳು. ಇಷ್ಟು ಉತ್ತರದ ಚಳಿನಾಡಿನಲ್ಲಿ ದ್ರಾಕ್ಷಿ ಹಣ್ಣಾಗುವುದೇ ಕಷ್ಟ. ಹಗಲಿನ ಬಿಸಿಲನ್ನು ಹೀರಿಕೊಂಡ ಕಲ್ಲು ರಾತ್ರಿಯೂ ಬಳ್ಳಿಗೆ ಕಾವು ಕೊಡುತ್ತದೆ. ದಕ್ಷಿಣಕ್ಕೆ ಮುಖ ಮಾಡಿದ ಕಡಿದಾದ ಇಳಿಜಾರಿಗೆ ಬಿಸಿಲೂ ನೇರವಾಗಿ ಬೀಳುತ್ತದೆ. ರೈತರು ಇಂಥ ಗುಡ್ಡಗಳನ್ನೇ ಹುಡುಕಿ ಹತ್ತಿದ್ದು ಅದಕ್ಕಾಗಿ.

ಈ ಬೇಸಾಯ ರೋಮನ್ನರ ಕಾಲದ್ದು. ನೋಯ್‌ಮಾಗೆನ್ ಊರಿನಲ್ಲಿ ಸಿಕ್ಕ ಮೂರನೇ ಶತಮಾನದ ಸಮಾಧಿ ಶಿಲ್ಪದಲ್ಲಿ ವೈನ್ ಪೀಪಾಯಿ ಹೊತ್ತ ಹಡಗು, ಸಾಲಾಗಿ ಕುಳಿತ ಹುಟ್ಟುಗಾರರು ಇದ್ದಾರೆ. ಮೂಲ ಶಿಲ್ಪ ಈಗ ಟ್ರಿಯರ್ ವಸ್ತುಸಂಗ್ರಹಾಲಯದಲ್ಲಿದೆ. ಮುಂದೆ ಬೆರ್ನ್‌ಕಾಸ್ಟೆಲ್-ಕೂಸ್‌ನಲ್ಲಿ ದಾರ್ಶನಿಕ, ಕಾರ್ಡಿನಲ್ ನಿಕೊಲಾಸ್ ಕುಸಾನುಸ್ 1458ರಲ್ಲಿ ಬಡ ವೃದ್ಧರಿಗಾಗಿ ಕಟ್ಟಿಸಿದ ಆಶ್ರಮವಿದೆ. ತನ್ನದೇ ದ್ರಾಕ್ಷಿ ತೋಟಗಳಿರುವ ಈ ಸಂಸ್ಥೆ ಇಂದಿಗೂ ಹಿರಿಯರಿಗೆ ಆಸರೆಯಾಗಿದೆ.

ಹಾದಿಯ ಅತ್ಯಂತ ರೋಚಕ ಭಾಗ ಬ್ರೆಮ್ ಊರಿನ ಕಾಲ್ಮಾಂಟ್ ಗುಡ್ಡ. ಸುಮಾರು 65 ಡಿಗ್ರಿಯಷ್ಟು ಕಡಿದಾದ ಇದು ಯುರೋಪಿನ ಅತಿ ಕಡಿದಾದ ದ್ರಾಕ್ಷಿ ತೋಟಗಳಲ್ಲೊಂದು. ಕೆಳಗೆ ನದಿ ದೊಡ್ಡ ಕುಣಿಕೆಯಂತೆ ಬಳಸಿ ಹರಿಯುತ್ತದೆ. ನಮ್ಮ ಚಿಕ್ಕಬಳ್ಳಾಪುರದ ಕಡೆ ದ್ರಾಕ್ಷಿಗೆ ಚಪ್ಪರ ಹಾಕುತ್ತಾರೆ. ಇಲ್ಲಿನ ಹಳೆಯ ಪದ್ಧತಿಯಲ್ಲಿ ಪ್ರತಿ ಬಳ್ಳಿಗೂ ಒಂದೊಂದು ಗೂಟ. ಎರಡು ಕುಡಿಗಳನ್ನು ಎಡಕ್ಕೊಂದು ಬಲಕ್ಕೊಂದು ಬಗ್ಗಿಸಿ, ಹೃದಯದ ಆಕಾರ ಬರುವಂತೆ ಗೂಟಕ್ಕೆ ಕಟ್ಟುತ್ತಾರೆ. ಅಡ್ಡಕ್ಕೆ ತಂತಿಗಳಿಲ್ಲದ ಕಾರಣ ಆಳು ಯಾವ ದಿಕ್ಕಿಗಾದರೂ ಸರಿಯಬಹುದು. ಟ್ರ್ಯಾಕ್ಟರ್ ಇಲ್ಲಿ ಹತ್ತುವುದಿಲ್ಲ. ಹಲ್ಲುಗಳಿರುವ ಒಂಟಿ ಹಳಿಯ ಮೇಲೆ ತೆವಳುವ ಪುಟ್ಟ ಬಂಡಿ ಆಳುಗಳನ್ನು ಮೇಲೇರಿಸಿ, ಕೊಯ್ದ ಹಣ್ಣನ್ನು ಕೆಳಗಿಳಿಸುತ್ತದೆ. ಸವರುವುದು, ಕಟ್ಟುವುದು, ಕೊಯ್ಯುವುದು ಎಲ್ಲವೂ ಕೈಯಲ್ಲೇ ಆಗಬೇಕು.

ಇಷ್ಟು ದುಡಿಮೆಗೆ ತಕ್ಕ ಬೆಲೆ ಸಿಗದೆ ಹಲವರು ಕಡಿದಾದ ತೋಟಗಳನ್ನು ಕೈಬಿಟ್ಟಿದ್ದಾರೆ. ಹಾಗೆ ಬಿಟ್ಟ ಕಡೆ ಮುಳ್ಳುಪೊದೆ ಬೆಳೆದು, ಗಾರೆಯಿಲ್ಲದೆ ಕಟ್ಟಿದ ಹಳೆಯ ಕಲ್ಲುಕಟ್ಟೆಗಳು ಕುಸಿಯುತ್ತವೆ. ಮೊಸೆಲ್ ನದಿಯ ಕೆಳಹರಿವಿನ ಕಣಿವೆಯಲ್ಲಿ ಮಾತ್ರ ಇರುವ ಅಪೋಲೋ ಚಿಟ್ಟೆಯ ಉಪಜಾತಿಗೂ ಇದರಿಂದ ಕುತ್ತು. ಅದರ ಕಂಬಳಿಹುಳು ತಿನ್ನುವುದು ಬಿಸಿಲಿನ ಬಂಡೆ, ಕಟ್ಟೆಗಳ ಮೇಲೆ ಬೆಳೆಯುವ ದಪ್ಪ ಎಲೆಯ ಸಣ್ಣ ಗಿಡವನ್ನು. ಪೊದೆಯ ನೆರಳು ಬಿದ್ದರೆ ಆ ಗಿಡ ಉಳಿಯದು. ರೈತ ತೋಟ ಬಿಟ್ಟರೆ ಕಣಿವೆಯ ಚೆಲುವಷ್ಟೇ ಅಲ್ಲ, ಜೀವವೂ ಬಡವಾಗುತ್ತದೆ.

ಫ್ರಾಂಕ್‌ಫರ್ಟ್ ವಿಮಾನ ನಿಲ್ದಾಣದಿಂದ ಕೊಬ್ಲೆನ್ಸ್‌ಗೆ ರೈಲಿದೆ. ಜರ್ಮನಿಯಲ್ಲಿರುವ ಕನ್ನಡಿಗರು ವಾರಾಂತ್ಯದಲ್ಲೇ ಒಂದೆರಡು ಹಂತ ನಡೆದು ಬರಬಹುದು. ರೀಸ್ಲಿಂಗ್ ಕೊಯ್ಲು ನೋಡಬೇಕೆಂದರೆ ಅಕ್ಟೋಬರ್ ಒಳ್ಳೆಯ ಕಾಲ. ಸಾಲಿನೊಳಗೆ ಕಾಲಿಡಬೇಡಿ, ಹಣ್ಣಿಗೆ ಕೈಹಾಕಬೇಡಿ. ರೈತರು ವರ್ಷದ ಕೆಲವು ತಿಂಗಳು ಮನೆಯಂಗಳದಲ್ಲೇ ನಡೆಸುವ ಊಟದ ತಾಣಗಳಲ್ಲಿ ಉಣ್ಣಿ, ಅವರ ಮನೆಗಳಲ್ಲೇ ತಂಗಿ. ವೈನ್ ಕುಡಿಯದವರಿಗೆ ಅದೇ ತೋಟದ ದ್ರಾಕ್ಷಿ ರಸವನ್ನೂ ಕೊಡುವವರಿದ್ದಾರೆ. ನಿಮ್ಮ ಹಣ ನೇರವಾಗಿ ಬೆಳೆಗಾರರ ಕೈಸೇರಲಿ; ಈ ಗುಡ್ಡಗಳು ಹಸಿರಾಗಿರುವುದು ಅವರಿಂದಲೇ.