ಅತಿಥಿಸತ್ಕಾರ ಮತ್ತು ನಗರದ ಸಂಪತ್ತು

ಮನೆಗೆ ಬಂದವರಿಗೆ ಬೆಲ್ಲ ನೀರು ಕೊಟ್ಟು ಆದರಿಸುವುದು ಕನ್ನಡ ನಾಡಿನ ಹಳೆಯ ರೂಢಿ. ದಾರಿಯಲ್ಲಿ ಅರವಟ್ಟಿಗೆಗಳನ್ನಿಟ್ಟು, ಊರುಗಳಲ್ಲಿ ಛತ್ರಗಳನ್ನು ಕಟ್ಟಿಸಿ, ಯಾತ್ರಿಕರಿಗೆ ಅನ್ನವನ್ನೂ ನೆರಳನ್ನೂ ಒದಗಿಸುವುದು ಪುಣ್ಯಕಾರ್ಯವೆಂದು ಹಿರಿಯರು ಭಾವಿಸಿದ್ದರು. ಅದರಲ್ಲಿ ಲಾಭನಷ್ಟಗಳ ಎಣಿಕೆ ಇರಲಿಲ್ಲ. ಕಾಲ ಬದಲಾದಂತೆ ಈ ಸತ್ಕಾರವೇ ಒಂದು ದೊಡ್ಡ ಉದ್ಯಮವಾಗಿ ಬೆಳೆದಿದೆ. ಪ್ರಪಂಚದ ಅನೇಕ ನಗರಗಳಲ್ಲಿ ಸಾವಿರಾರು ಕುಟುಂಬಗಳು ಪ್ರವಾಸಿಗಳಿಂದಲೇ ಜೀವನ ಸಾಗಿಸುತ್ತಿವೆ. ಕರ್ನಾಟಕದಲ್ಲಿ ಇದಕ್ಕೆ ಉತ್ತಮ ನಿದರ್ಶನ ಮೈಸೂರು. ಪ್ರವಾಸಿಯಿಂದ ನಗರಕ್ಕೆ ದೊರೆಯುವುದೇನು, ಅವನು ಕೊಟ್ಟ ಹಣ ಯಾರ ಯಾರ ಕೈ ಸೇರುತ್ತದೆ, ಅದಕ್ಕಾಗಿ ನಗರ ತೆರಬೇಕಾದ ಬೆಲೆ ಯಾವುದು ಎಂಬುದನ್ನು ಈ ಒಂದು ಊರಿನ ಉದಾಹರಣೆಯಿಂದ ಚೆನ್ನಾಗಿ ತಿಳಿಯಬಹುದು.

ಮೈಸೂರು ಪ್ರವಾಸಿಗಳಿಗಾಗಿ ಕಟ್ಟಿದ ನಗರವಲ್ಲ. ಅದು ಅರಸರ ನಗರ. 1799ರಲ್ಲಿ ಶ್ರೀರಂಗಪಟ್ಟಣವು ಪತನವಾದ ಮೇಲೆ ಒಡೆಯರ ರಾಜಧಾನಿ ಮೈಸೂರಿಗೆ ಬಂದಿತು. 1831ರಲ್ಲಿ ಆಡಳಿತವು ಬ್ರಿಟಿಷರ ಕೈಸೇರಿ ಮುಖ್ಯ ಕಚೇರಿಗಳು ಬೆಂಗಳೂರಿಗೆ ಹೋದರೂ ಅರಮನೆಯೂ ದಸರಾ ಮಹೋತ್ಸವವೂ ಮೈಸೂರಿನಲ್ಲಿಯೇ ಉಳಿದವು. 1892ರಲ್ಲಿ ಇಲ್ಲಿ ಮೃಗಾಲಯ ಸ್ಥಾಪನೆಯಾಯಿತು. 1897ರಲ್ಲಿ ಹಳೆಯ ಮರದ ಅರಮನೆ ಬೆಂಕಿಗೆ ಆಹುತಿಯಾದಾಗ ಹೆನ್ರಿ ಇರ್ವಿನ್ ಎಂಬ ವಾಸ್ತುಶಿಲ್ಪಿಯ ನಕ್ಷೆಯಂತೆ ಹೊಸ ಅರಮನೆಯ ಕೆಲಸ ಆರಂಭವಾಯಿತು. 41 ಲಕ್ಷಕ್ಕೂ ಹೆಚ್ಚು ರೂಪಾಯಿಗಳ ವೆಚ್ಚದಲ್ಲಿ ಅದು 1912ರಲ್ಲಿ ಪೂರ್ಣಗೊಂಡಿತು. 1911ರಲ್ಲಿ ಕಾವೇರಿ ನದಿಗೆ ಅಡ್ಡಲಾಗಿ ಕೃಷ್ಣರಾಜಸಾಗರದ ನಿರ್ಮಾಣ ಮೊದಲಾಯಿತು. ಸರ್ ಎಂ. ವಿಶ್ವೇಶ್ವರಯ್ಯನವರ ದೂರದೃಷ್ಟಿಯ ಫಲವಾದ ಈ ಅಣೆಕಟ್ಟಿನ ಕೆಳಗೆ, ಸರ್ ಮಿರ್ಜಾ ಇಸ್ಮಾಯಿಲರು ದಿವಾನರಾಗಿದ್ದಾಗ ಬೃಂದಾವನ ಉದ್ಯಾನ ರೂಪುಗೊಂಡಿತು. ಅದು ಮಂಡ್ಯ ಜಿಲ್ಲೆಗೆ ಸೇರಿದ್ದರೂ ಮೈಸೂರಿಗೆ ಬಂದವರೆಲ್ಲ ತಪ್ಪದೆ ನೋಡುವ ಸ್ಥಳವಾಗಿದೆ.

ಇವೆಲ್ಲ ಅರಸರ ಗೌರವಕ್ಕೋ ಪ್ರಜೆಗಳ ಹಿತಕ್ಕೋ ನಿರ್ಮಾಣವಾದವು. ಕೃಷ್ಣರಾಜಸಾಗರದ ಉದ್ದೇಶ ಗದ್ದೆಗಳಿಗೆ ನೀರು ಒದಗಿಸುವುದು. ಲಲಿತಮಹಲಿನ ಉದ್ದೇಶ ವೈಸರಾಯರನ್ನು ಸತ್ಕರಿಸುವುದು. ರಾಜ್ಯಗಳು ವಿಲೀನವಾಗಿ ಪ್ರಜಾಪ್ರಭುತ್ವ ಬಂದ ಮೇಲೆ ಅರಸರ ಅತಿಥಿಗಳ ಸ್ಥಾನಕ್ಕೆ ಸಾಮಾನ್ಯ ಜನರು ಬಂದರು. 1974ರಲ್ಲಿ ಲಲಿತಮಹಲು ಹೋಟೆಲಾಗಿ ಮಾರ್ಪಟ್ಟಿತು. ಒಂದು ಕಾಲದಲ್ಲಿ ರಾಜಪ್ರತಿನಿಧಿಗಳು ಇಳಿದುಕೊಳ್ಳುತ್ತಿದ್ದ ಕೋಣೆಗಳಲ್ಲಿ ಹಣ ತೆತ್ತ ಯಾರು ಬೇಕಾದರೂ ಇಳಿದುಕೊಳ್ಳುವಂತಾಯಿತು. ಹಿಂದಿನವರು ಬಿಟ್ಟುಹೋದ ಕಟ್ಟಡಗಳೂ ತೋಟಗಳೂ ಉತ್ಸವಗಳೂ ನಗರಕ್ಕೆ ಬಂಡವಾಳವಾದುದು ಹೀಗೆ.

ಈ ಉದ್ಯಮದ ಸ್ವರೂಪ ಉಳಿದ ಉದ್ಯಮಗಳಿಗಿಂತ ಭಿನ್ನವಾದುದು. ಕಾರ್ಖಾನೆಯಲ್ಲಿ ತಯಾರಾದ ವಸ್ತುವನ್ನು ಗಾಡಿಗೆ ಹೇರಿ ಕೊಳ್ಳುವವನಿದ್ದ ಊರಿಗೆ ಕಳುಹಿಸಬಹುದು. ಚಾಮುಂಡಿ ಬೆಟ್ಟವನ್ನಾಗಲಿ ಅರಮನೆಯ ದೀಪಾಲಂಕಾರವನ್ನಾಗಲಿ ಹಾಗೆ ಕಳುಹಿಸಲು ಸಾಧ್ಯವಿಲ್ಲ. ಇಲ್ಲಿ ಕೊಳ್ಳುವವನೇ ಸರಕಿನ ಬಳಿಗೆ ಬರುತ್ತಾನೆ; ನೋಡಿ ಸಂತೋಷಪಟ್ಟು ಹಿಂತಿರುಗುತ್ತಾನೆ; ಸರಕು ಇದ್ದಲ್ಲಿಯೇ ಉಳಿಯುತ್ತದೆ. ಹೊರಗಿನ ಹಣ ಒಳಗೆ ಬರುವುದರಿಂದ ಇದು ರಫ್ತು ವ್ಯಾಪಾರಕ್ಕೆ ಸಮಾನವಾದುದು. ಪ್ರವಾಸಿಯು ವಿದೇಶದವನಾದರೆ ದೇಶಕ್ಕೆ ವಿದೇಶೀ ವಿನಿಮಯವೂ ದೊರೆಯುತ್ತದೆ.

ಪ್ರವಾಸಿ ಕೊಟ್ಟ ಹಣ ನಗರದಲ್ಲಿ ಹೇಗೆ ಸಂಚರಿಸುತ್ತದೆ ಎಂಬುದು ಕುತೂಹಲಕರವಾದ ವಿಷಯ. ದಸರೆಗೆಂದು ಒಂದು ಕುಟುಂಬ ಮೈಸೂರಿಗೆ ಬರುತ್ತದೆಂದು ಇಟ್ಟುಕೊಳ್ಳಬಹುದು. ಆ ಕುಟುಂಬದವರು ವಸತಿಗೃಹದಲ್ಲಿ ಇಳಿಯುತ್ತಾರೆ; ಉಪಾಹಾರಗೃಹದಲ್ಲಿ ಊಟ ಮಾಡುತ್ತಾರೆ; ಆಟೋರಿಕ್ಷಾದಲ್ಲಿಯೋ ಟಾಂಗಾದಲ್ಲಿಯೋ ಊರು ಸುತ್ತುತ್ತಾರೆ; ಮಾರ್ಗದರ್ಶಿಗೂ ಹೂವಾಡಗಿತ್ತಿಗೂ ಹಣ ಕೊಡುತ್ತಾರೆ. ಇದು ಮೊದಲನೆಯ ಹಂತ. ಉಪಾಹಾರಗೃಹದ ಮಾಲೀಕನು ಆ ಹಣದಿಂದ ಹಾಲು, ತರಕಾರಿ, ಅಕ್ಕಿ, ಬಾಳೆಯೆಲೆಗಳನ್ನು ಕೊಳ್ಳುತ್ತಾನೆ. ಅಡಿಗೆಯವರಿಗೂ ಬಡಿಸುವವರಿಗೂ ಪಾತ್ರೆ ತೊಳೆಯುವವರಿಗೂ ಸಂಬಳ ಕೊಡುತ್ತಾನೆ. ವಸತಿಗೃಹದ ಹಾಸಿಗೆಯ ಬಟ್ಟೆಗಳು ಅಗಸನ ಮನೆಗೆ ಹೋಗುತ್ತವೆ. ಕೊಳಾಯಿ ಕೆಟ್ಟರೆ ರಿಪೇರಿಯವನು ಬರುತ್ತಾನೆ. ಇದು ಎರಡನೆಯ ಹಂತ. ಸಂಬಳ ಪಡೆದ ಅಡಿಗೆಯವನು ಅದರಲ್ಲಿ ಮನೆಗೆ ದಿನಸಿ ತರುತ್ತಾನೆ. ಮಕ್ಕಳಿಗೆ ಪುಸ್ತಕ ಕೊಡಿಸುತ್ತಾನೆ. ಮನೆಯ ಬಾಡಿಗೆ ಕೊಡುತ್ತಾನೆ. ಇದು ಮೂರನೆಯ ಹಂತ. ಪುಸ್ತಕದ ಅಂಗಡಿಯವನು ಪ್ರವಾಸಿಯ ಮುಖವನ್ನೇ ಕಂಡಿರಲಾರ. ಆದರೂ ಪ್ರವಾಸಿಯ ಹಣದ ಒಂದು ಪಾಲು ಅವನನ್ನು ತಲಪಿರುತ್ತದೆ.

ಅರ್ಥಶಾಸ್ತ್ರಜ್ಞರು ಇದನ್ನು ಗುಣಕ ಪರಿಣಾಮವೆಂದು ಕರೆಯುತ್ತಾರೆ. ಒಂದು ಸರಳವಾದ ಲೆಕ್ಕದಿಂದ ಇದು ಸ್ಪಷ್ಟವಾಗುತ್ತದೆ. ಪ್ರವಾಸಿಯೊಬ್ಬನು 100 ರೂಪಾಯಿ ವೆಚ್ಚ ಮಾಡಿದನೆಂದೂ, ಅದನ್ನು ಪಡೆದ ಪ್ರತಿಯೊಬ್ಬನೂ ತನಗೆ ಬಂದುದರಲ್ಲಿ ನೂರಕ್ಕೆ 60ರಷ್ಟನ್ನು ಅದೇ ಊರಿನಲ್ಲಿ ವೆಚ್ಚ ಮಾಡುವನೆಂದೂ ಊಹಿಸಿದರೆ, ಎರಡನೆಯ ಕೈಗೆ 60 ರೂಪಾಯಿ, ಮೂರನೆಯ ಕೈಗೆ 36 ರೂಪಾಯಿ, ನಾಲ್ಕನೆಯ ಕೈಗೆ 21 ರೂಪಾಯಿ 60 ಪೈಸೆ ದೊರೆಯುತ್ತದೆ. ಹೀಗೆ ಕೊನೆಯವರೆಗೆ ಕೂಡಿದರೆ ಒಟ್ಟು ವರಮಾನ 250 ರೂಪಾಯಿಗಳಾಗುತ್ತದೆ. ಊರಿನಲ್ಲಿ ಉಳಿಯುವ ಪಾಲು ನೂರಕ್ಕೆ 40 ಮಾತ್ರವಾದರೆ ಒಟ್ಟು ವರಮಾನ ಸುಮಾರು 167 ರೂಪಾಯಿಗಳಿಗೆ ಇಳಿಯುತ್ತದೆ. ಪ್ರವಾಸಿ ಕೊಟ್ಟ ಹಣ ಎರಡು ಸಂದರ್ಭಗಳಲ್ಲಿಯೂ ಒಂದೇ. ಅದು ಊರಿನಲ್ಲಿ ಎಷ್ಟು ಉಳಿಯಿತು, ಎಷ್ಟು ಹೊರಗೆ ಹರಿಯಿತು ಎಂಬುದರಿಂದಲೇ ಫಲದಲ್ಲಿ ಇಷ್ಟು ಅಂತರ ಉಂಟಾಗುತ್ತದೆ. ತಳದಲ್ಲಿ ತೂತಿರುವ ಕೊಡಕ್ಕೆ ಎಷ್ಟು ನೀರು ತುಂಬಿದರೂ ನಿಲ್ಲದು.

ಈ ದೃಷ್ಟಿಯಿಂದ ನೋಡಿದರೆ ಮೈಸೂರಿನ ಸ್ಥಳೀಯ ಕಸಬುಗಳ ಮಹತ್ವ ಅರಿವಾಗುತ್ತದೆ. 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಸ್ಥಾಪನೆಯಾದ ರೇಷ್ಮೆ ಕಾರ್ಖಾನೆಯ ಸೀರೆಯನ್ನು ಪ್ರವಾಸಿ ಕೊಂಡಾಗ, ಅದರ ಬೆಲೆಯಲ್ಲಿ ನೇಯ್ಗೆಯವರಿಗೂ ನೂಲು ತೆಗೆಯುವವರಿಗೂ ಹಿಪ್ಪುನೇರಳೆ ಬೆಳೆಯುವ ರೈತರಿಗೂ ಪಾಲು ಸಲ್ಲುತ್ತದೆ. ಬೀಟೆಯ ಮರದಲ್ಲಿ ಬಣ್ಣಬಣ್ಣದ ಮರದ ಚೂರುಗಳನ್ನು ಕೂಡಿಸಿ ಚಿತ್ರ ಬಿಡಿಸುವ ಕುಶಲಕರ್ಮಿಗಳು ಇಲ್ಲಿದ್ದಾರೆ. ಊದುಬತ್ತಿ ಹೊಸೆಯುವ ಕೆಲಸ ಅನೇಕ ಹೆಣ್ಣುಮಕ್ಕಳಿಗೆ ಜೀವನಾಧಾರವಾಗಿದೆ. ಶ್ರೀಗಂಧದ ಎಣ್ಣೆ, ಮೈಸೂರು ಮಲ್ಲಿಗೆ, ಮೈಸೂರು ವೀಳ್ಯದೆಲೆ, ಅರಮನೆಯ ಪಾಕಶಾಲೆಯಲ್ಲಿ ಹುಟ್ಟಿತೆಂದು ಹೇಳುವ ಮೈಸೂರು ಪಾಕು ಇವೆಲ್ಲವೂ ಊರಿನ ಹೆಸರಿನಿಂದಲೇ ಪ್ರಸಿದ್ಧವಾದವು. ಇವುಗಳಿಗೆ ಬದಲಾಗಿ, ಎಲ್ಲಿಯೋ ತಯಾರಾದ ಅಗ್ಗದ ಆಟಿಕೆಯನ್ನು ಮೈಸೂರಿನ ನೆನಪಿಗೆಂದು ಕೊಂಡುಹೋದರೆ ಊರಿಗೆ ಉಳಿಯುವುದು ಅಂಗಡಿಯವನ ಅಲ್ಪ ಲಾಭ ಮಾತ್ರ.

ಪ್ರವಾಸೋದ್ಯಮದ ಇನ್ನೊಂದು ಲಕ್ಷಣ ಅದರ ಅನಿಶ್ಚಿತತೆ. ದಸರೆಯ ದಿನಗಳಲ್ಲಿಯೂ ಬೇಸಗೆಯ ರಜೆಯಲ್ಲಿಯೂ ವಸತಿಗೃಹಗಳು ತುಂಬಿ ತುಳುಕುತ್ತವೆ. ಉಳಿದ ದಿನಗಳಲ್ಲಿ ಅನೇಕ ಕೋಣೆಗಳು ಖಾಲಿಯಾಗಿರುತ್ತವೆ. ಮಾರಾಟವಾಗದ ಬಟ್ಟೆಯನ್ನು ನಾಳೆ ಮಾರಬಹುದು. ಒಂದು ರಾತ್ರಿ ಖಾಲಿ ಉಳಿದ ಕೋಣೆಯ ಬಾಡಿಗೆ ಮತ್ತೆ ಬರುವುದಿಲ್ಲ. ಅಲ್ಲದೆ ಬರಗಾಲ, ಗಲಭೆ, ರೋಗ ಮೊದಲಾದವುಗಳ ಪೆಟ್ಟು ಮೊದಲು ತಗಲುವುದು ಈ ಉದ್ಯಮಕ್ಕೆ. 2020ರ ಮಾರ್ಚಿಯಲ್ಲಿ ಕೋವಿಡ್ ಸಾಂಕ್ರಾಮಿಕದ ಕಾರಣ ಅರಮನೆಯೂ ಮೃಗಾಲಯವೂ ಬಾಗಿಲು ಮುಚ್ಚಿದವು. ಮೈಸೂರಿನ ಮೃಗಾಲಯ ಮುಖ್ಯವಾಗಿ ಪ್ರವೇಶಶುಲ್ಕದಿಂದಲೇ ನಡೆಯುವ ಸಂಸ್ಥೆ. ನೋಡುವವರಿಲ್ಲವೆಂದು ಆನೆಗೆ ಹುಲ್ಲನ್ನೂ ಹುಲಿಗೆ ಮಾಂಸವನ್ನೂ ನಿಲ್ಲಿಸಲಾಗುವುದೇ? ಆಗ ಪ್ರಾಣಿಗಳನ್ನು ದತ್ತು ಪಡೆದು ಅವುಗಳ ಪೋಷಣೆಗೆ ನೆರವಾಗುವಂತೆ ಸಾರ್ವಜನಿಕರನ್ನು ಕೇಳಿಕೊಳ್ಳಬೇಕಾಯಿತು. ಆ ವರ್ಷದ ಜಂಬೂ ಸವಾರಿ ಅರಮನೆಯ ಆವರಣದೊಳಗೆ ಕೆಲವೇ ಜನರ ಸಮ್ಮುಖದಲ್ಲಿ ನಡೆಯಿತು. ಟಾಂಗಾದವರೂ ಮಾರ್ಗದರ್ಶಿಗಳೂ ಬೀದಿ ವ್ಯಾಪಾರಿಗಳೂ ಸಂಪಾದನೆಯಿಲ್ಲದೆ ಕಷ್ಟಪಟ್ಟರು. ದಿನದ ಗಳಿಕೆಯಿಂದ ದಿನವನ್ನು ಕಳೆಯುವವರಿಗೆ ಇಂತಹ ಸಂದರ್ಭದಲ್ಲಿ ಆಸರೆ ಬಹಳ ಕಡಮೆ.

ಪ್ರವಾಸಿಗಳಿಂದ ಆದಾಯ ಬರುವಂತೆಯೇ ವೆಚ್ಚವೂ ಬರುತ್ತದೆ. ಅವರಿಗೂ ನೀರು ಬೇಕು. ಅವರು ಬಿಟ್ಟುಹೋದ ಕಸವನ್ನೂ ಎತ್ತಬೇಕು. ಅವರ ವಾಹನಗಳಿಗೂ ಸ್ಥಳ ಒದಗಿಸಬೇಕು. 2016ರ ಸ್ವಚ್ಛ ಸರ್ವೇಕ್ಷಣೆಯಲ್ಲಿ ಮೈಸೂರು ದೇಶದಲ್ಲಿಯೇ ಮೊದಲನೆಯ ಸ್ಥಾನ ಪಡೆಯಿತು. ಆ ಗೌರವದ ಹಿಂದೆ ನಸುಕಿನಲ್ಲಿಯೇ ಎದ್ದು ಬೀದಿ ಗುಡಿಸುವ ಪೌರಕಾರ್ಮಿಕರ ಶ್ರಮವಿದೆ. ಹಳೆಯ ಕಟ್ಟಡಗಳ ರಕ್ಷಣೆ ಇನ್ನೂ ದೊಡ್ಡ ಹೊಣೆ. 2012ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ಜೀವಹಾನಿಯಾಯಿತು. 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಕುಸಿಯಿತು. 2021ರ ಮಳೆಯಲ್ಲಿ ಚಾಮುಂಡಿ ಬೆಟ್ಟದ ನಂದಿಯ ಕಡೆಗೆ ಹೋಗುವ ರಸ್ತೆ ಜರಿಯಿತು. ಕಾರ್ಖಾನೆಯ ಯಂತ್ರ ಸವೆದರೆ ಹೊಸ ಯಂತ್ರವನ್ನು ತರಬಹುದು. ಶತಮಾನದ ಕಟ್ಟಡವನ್ನಾಗಲಿ ಬೆಟ್ಟವನ್ನಾಗಲಿ ಹಾಗೆ ಹೊಸದಾಗಿ ತರಲು ಬಾರದು. ಬಂಡವಾಳವನ್ನೇ ತಿಂದು ಲಾಭವೆಂದು ಭ್ರಮಿಸುವವನು ಬುದ್ಧಿವಂತ ವ್ಯಾಪಾರಿಯಲ್ಲ.

ಹಾಗಾದರೆ ನಗರಕ್ಕೆ ಹೆಚ್ಚು ಪ್ರಯೋಜನ ದೊರೆಯುವುದು ಯಾವುದರಿಂದ? ಬಂದವರ ಸಂಖ್ಯೆಯೇ ಇದಕ್ಕೆ ಅಳತೆಯೆಂದು ಸಾಮಾನ್ಯವಾಗಿ ಭಾವಿಸುವುದುಂಟು. ಆದರೆ ಅವರು ಎಷ್ಟು ದಿನ ತಂಗಿದರೆಂಬುದು ಅದಕ್ಕಿಂತ ಮುಖ್ಯವಾದುದು. ಬೆಂಗಳೂರಿಗೂ ಮೈಸೂರಿಗೂ ನಡುವಣ ಹೊಸ ಹೆದ್ದಾರಿ 2023ರ ಮಾರ್ಚಿಯಲ್ಲಿ ಉದ್ಘಾಟನೆಯಾಯಿತು. ಮೊದಲು ಸುಮಾರು ಮೂರು ಗಂಟೆ ಹಿಡಿಯುತ್ತಿದ್ದ ಪ್ರಯಾಣ ಅದರಿಂದ ಬಹಳ ಹ್ರಸ್ವವಾಯಿತು. ಇದರಿಂದ ಬರುವವರಿಗೆ ಅನುಕೂಲವಾಯಿತು. ಹೋಗುವವರಿಗೂ ಅಷ್ಟೇ ಅನುಕೂಲವಾಯಿತು. ಬೆಳಗ್ಗೆ ಬಂದು ಅರಮನೆ, ಮೃಗಾಲಯ, ಬೆಟ್ಟಗಳನ್ನು ಅವಸರದಿಂದ ನೋಡಿ ಸಂಜೆಗೆ ಬೆಂಗಳೂರಿಗೆ ಮರಳುವುದು ಸುಲಭ. ಊಟಿಗೂ ಕೊಡಗಿಗೂ ಹೋಗುವವರು ಮಾರ್ಗಮಧ್ಯದಲ್ಲಿ ಮೈಸೂರಿನಲ್ಲಿ ಕೆಲವು ಗಂಟೆ ನಿಂತು ಮುಂದುವರಿಯುವುದೂ ಉಂಟು. ಇಂತಹವರು ಪ್ರವೇಶಶುಲ್ಕವನ್ನೂ ಒಂದು ಊಟದ ಹಣವನ್ನೂ ಕೊಡುತ್ತಾರೆ. ರಸ್ತೆಯ ದಟ್ಟಣೆಯನ್ನೂ ಕಸವನ್ನೂ ಮಾತ್ರ ಉಳಿದವರಷ್ಟೇ ಹೆಚ್ಚಿಸುತ್ತಾರೆ. ರಾತ್ರಿ ತಂಗುವವನು ವಸತಿಗೃಹಕ್ಕೂ ಮರುದಿನದ ತಿಂಡಿಗೂ ಸಂಜೆಯ ಸಂಗೀತ ಕಚೇರಿಗೂ ಬಿಡುವಾಗಿ ನೋಡಿ ಕೊಳ್ಳುವ ಸೀರೆಗೂ ಹಣ ವೆಚ್ಚ ಮಾಡುತ್ತಾನೆ.

ದೀರ್ಘಕಾಲ ತಂಗುವ ಅತಿಥಿಗಳಿಂದ ಆಗುವ ಪ್ರಯೋಜನಕ್ಕೆ ನಗರದ ಗೋಕುಲಂ ಬಡಾವಣೆ ನಿದರ್ಶನವಾಗಿದೆ. 1930ರ ದಶಕದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ತಿರುಮಲೈ ಕೃಷ್ಣಮಾಚಾರ್ಯರು ಜಗನ್ಮೋಹನ ಅರಮನೆಯ ಯೋಗಶಾಲೆಯಲ್ಲಿ ಪಾಠ ಹೇಳುತ್ತಿದ್ದರು. ಅವರ ಶಿಷ್ಯಪರಂಪರೆಯಿಂದ ಮೈಸೂರಿನ ಯೋಗವಿದ್ಯೆ ದೇಶವಿದೇಶಗಳಲ್ಲಿ ಹೆಸರಾಯಿತು. ಅದನ್ನು ಕಲಿಯಲು ಬಂದ ವಿದೇಶೀಯರು ವಾರಗಟ್ಟಲೆ, ತಿಂಗಳುಗಟ್ಟಲೆ ಇಲ್ಲಿ ನೆಲಸುತ್ತಾರೆ. ಅವರು ಮನೆಗಳನ್ನು ಬಾಡಿಗೆಗೆ ಹಿಡಿಯುತ್ತಾರೆ. ಬೀದಿಯ ಅಂಗಡಿಯಲ್ಲಿ ಹಣ್ಣು, ಎಳನೀರು ಕೊಳ್ಳುತ್ತಾರೆ. ಕೆಲವರು ಕನ್ನಡದ ನಾಲ್ಕು ಮಾತುಗಳನ್ನೂ ಕಲಿಯುತ್ತಾರೆ. ಅವರ ಸಂಖ್ಯೆ ದಸರೆಯ ಜನಸಾಗರದ ಮುಂದೆ ಅತ್ಯಲ್ಪ. ಆದರೂ ಅವರಲ್ಲಿ ಒಬ್ಬೊಬ್ಬರಿಂದ ಊರಿಗೆ ದೊರೆಯುವ ಹಣ, ಅರ್ಧ ದಿನದಲ್ಲಿ ಬಂದು ಹೋಗುವ ಒಬ್ಬೊಬ್ಬರಿಂದ ದೊರೆಯುವುದಕ್ಕಿಂತ ಎಷ್ಟೋ ಮಡಿ ಹೆಚ್ಚು. ಇಲ್ಲಿ ನಗರವು ಕಟ್ಟಡವನ್ನು ತೋರಿಸಿ ಸಂಪಾದಿಸುತ್ತಿಲ್ಲ. ವಿದ್ಯೆಯನ್ನು ಕೊಟ್ಟು ಸಂಪಾದಿಸುತ್ತಿದೆ.

ಸುದೈವದಿಂದ ಮೈಸೂರು ಪ್ರವಾಸಿಗಳನ್ನು ಮಾತ್ರ ನಂಬಿದ ಊರಲ್ಲ. 1916ರಲ್ಲಿ ಸ್ಥಾಪನೆಯಾದ ವಿಶ್ವವಿದ್ಯಾನಿಲಯ, 1950ರಲ್ಲಿ ಆರಂಭವಾದ ಕೇಂದ್ರೀಯ ಆಹಾರ ಸಂಶೋಧನಾಲಯ, 1969ರಲ್ಲಿ ಬಂದ ಭಾರತೀಯ ಭಾಷಾ ಸಂಸ್ಥಾನ, ಹಲವು ಕಾರ್ಖಾನೆಗಳು ಮತ್ತು ಕಂಪ್ಯೂಟರ್ ತಂತ್ರಾಂಶದ ಸಂಸ್ಥೆಗಳು ಇಲ್ಲಿನ ಜನರಿಗೆ ಉದ್ಯೋಗ ನೀಡುತ್ತಿವೆ. ಒಂದೇ ಕಂಬದ ಮೇಲೆ ನಿಂತ ಚಪ್ಪರ ಗಾಳಿಗೆ ಬೇಗ ಉರುಳುತ್ತದೆ. ನಾಲ್ಕಾರು ಕಂಬಗಳಿದ್ದರೆ ಒಂದು ಅಲುಗಿದರೂ ಉಳಿದವು ತಡೆಯುತ್ತವೆ. ಪ್ರವಾಸೋದ್ಯಮವು ನಗರದ ಹಲವು ಕಂಬಗಳಲ್ಲಿ ಒಂದಾಗಿರುವುದೇ ಕ್ಷೇಮ.

ಈ ಉದ್ಯಮವನ್ನು ಬೆಳೆಸುವ ಹೊಣೆ ಸರ್ಕಾರದ್ದು ಮಾತ್ರವಲ್ಲ. ಅರಮನೆಯ ಚೆಲುವನ್ನು ಕಂಡು ಹಿಗ್ಗಿದ ಪ್ರವಾಸಿಯಿಂದ ಆಟೋರಿಕ್ಷಾದವನು ಹೆಚ್ಚು ಹಣ ಕಿತ್ತುಕೊಂಡರೆ, ಆ ಕಹಿಯೇ ಅವನ ಮನಸ್ಸಿನಲ್ಲಿ ಉಳಿಯುತ್ತದೆ. ದಾರಿ ಕೇಳಿದಾಗ ನಾಲ್ಕು ಹೆಜ್ಜೆ ಜೊತೆಗೆ ನಡೆದು ತೋರಿಸಿದ ಬಾಲಕನನ್ನೂ ಅವನು ಮರೆಯುವುದಿಲ್ಲ. ಒಮ್ಮೆ ಮೋಸಹೋದವನು ಮತ್ತೆ ಬಾರನು. ಸಂತೋಷಗೊಂಡವನು ತಾನೂ ಬರುತ್ತಾನೆ, ತನ್ನವರನ್ನೂ ಕರೆತರುತ್ತಾನೆ, ಒಂದು ದಿನಕ್ಕೆಂದು ಬಂದವನು ಎರಡು ದಿನ ಉಳಿಯುತ್ತಾನೆ. ಅರವಟ್ಟಿಗೆ ಛತ್ರಗಳನ್ನು ಕಟ್ಟಿಸಿದ ಹಿರಿಯರು ಲಾಭವನ್ನು ಬಯಸಿದವರಲ್ಲ. ಆದರೆ ಬಂದವರನ್ನು ಆದರದಿಂದ ಕಾಣಬೇಕೆಂಬ ಅವರ ಬುದ್ಧಿಯೇ ಇಂದಿನ ಈ ದೊಡ್ಡ ಉದ್ಯಮಕ್ಕೂ ತಳಹದಿಯಾಗಿದೆ.