ಮಿಲ್ಟ್ರಿ ತಾತ ಕಂಡ ಎರಡು ಹೊಲ

ಸೈನಿಕರ ನಾಡು ಅಂದರೆ ನಮ್ಮ ಕಣ್ಣು ಪಕ್ಕದ ಕೊಡಗಿನ ಕಡೆ ಹೋಗುತ್ತದೆ. ಕಾರ್ಯಪ್ಪ, ತಿಮ್ಮಯ್ಯ ಹುಟ್ಟಿದ ನೆಲ ಅದು, ಸಹಜವೇ. ಆದರೆ ಕೊಡಗಿನ ಗಡಿ ದಾಟಿ ಈಚೆ ಬಂದರೆ ಪಿರಿಯಾಪಟ್ಟಣ, ಹುಣಸೂರು, ಕೆ.ಆರ್. ನಗರ, ಎಚ್.ಡಿ. ಕೋಟೆ ಸೀಮೆಯಲ್ಲೂ ‘ಮಿಲ್ಟ್ರಿಯೋರ ಮನೆ’ ಅಂತ ಕರೆಸಿಕೊಳ್ಳುವ ಮನೆಗಳಿವೆ. ಪಿರಿಯಾಪಟ್ಟಣ ತಾಲ್ಲೂಕಿನ ನಮ್ಮೂರಲ್ಲಿ ಅದು ನಮ್ಮ ಮನೆ. ಆ ಹೆಸರು ತಂದುಕೊಟ್ಟ ನಮ್ಮ ತಾತ ಎಂಬತ್ತು ತುಂಬಿದ ಮೇಲೆ ತೀರಿಕೊಂಡರು.

ತಾತ ಹುಟ್ಟಿದ ತಾರೀಕು ಮನೆಯಲ್ಲಿ ಯಾರೂ ಬರೆದಿಟ್ಟಿರಲಿಲ್ಲ. ಸೈನ್ಯದ ಪುಸ್ತಕದಲ್ಲಿ 1944 ಅಂತಿದೆ. ಮೂರು ಎಕರೆ ಖುಷ್ಕಿ ಜಮೀನು, ರಾಗಿ, ಹುರುಳಿ, ಎರಡು ಎತ್ತು, ನಾಲ್ಕು ಜನ ಅಣ್ಣತಮ್ಮಂದಿರು. ಮಧ್ಯದವರಾದ ತಾತನ ಪಾಲಿಗೆ ಓದು ಏಳನೇ ಕ್ಲಾಸಿಗೇ ಮುಗಿಯಿತು. 1962ರ ಚೀನಾ ಯುದ್ಧ ಆದಮೇಲೆ ಸೈನ್ಯಕ್ಕೆ ಹೆಚ್ಚು ಜನ ಬೇಕಾಯಿತು. 1963ರಲ್ಲಿ ತಾತ ಮನೆಯಲ್ಲಿ ಹೇಳದೆ ಮೈಸೂರಿನ ಬಸ್ಸು ಹತ್ತಿದರು. “ದೇಶಸೇವೆ ಅಂತ ಹೋದ್ರಾ ತಾತ?” ಅಂತ ಕೇಳಿದರೆ, “ಮೂರ್ ಹೊತ್ತು ಊಟ ಕೊಡ್ತಾರೆ ಅಂದ್ರು ಮಗಾ, ಹೋದೆ. ದೇಶ ಅನ್ನೋದು ಆಮೇಲೆ ಗೊತ್ತಾಯ್ತು” ಅನ್ನೋರು.

ಸೇರಿದ್ದು ಬೆಂಗಳೂರಿನ ಹಲಸೂರು ಕೆರೆ ಪಕ್ಕದ ಮದ್ರಾಸ್ ಎಂಜಿನಿಯರ್ ಗ್ರೂಪಿಗೆ. 1780ರಷ್ಟು ಹಳೆಯ ಪಡೆ ಅದು. ಅಲ್ಲಿನ ಜವಾನರನ್ನು ಪ್ರೀತಿಯಿಂದ ‘ತಂಬಿ’ ಅಂತ ಕರೆಯುತ್ತಾರೆ. ಸೇತುವೆ ಕಟ್ಟುವುದು, ರಸ್ತೆ ಮಾಡುವುದು, ನೆಲಬಾಂಬ್ ಹೂಳುವುದು, ಶತ್ರು ಹೂತಿದ್ದನ್ನು ತೆಗೆಯುವುದು ಇವರ ಕೆಲಸ. ದಂಡು ಮುಂದೆ ಹೋಗಬೇಕಾದರೆ ಇವರು ಮೊದಲು ಹೋಗಿ ದಾರಿ ಮಾಡಬೇಕು.

ಬಸಂತರ್ ನದಿಯ ರಾತ್ರಿ

ತಾತ ಇದ್ದದ್ದು 9ನೇ ಎಂಜಿನಿಯರ್ ರೆಜಿಮೆಂಟಿನಲ್ಲಿ. 1971ರ ಡಿಸೆಂಬರ್ 3ರಂದು ಯುದ್ಧ ಶುರುವಾದಾಗ ಅವರನ್ನು ಪಶ್ಚಿಮ ಗಡಿಯ ಶಕರ್‌ಗಢ ಭಾಗಕ್ಕೆ ಕಳಿಸಲಾಗಿತ್ತು. ಅಲ್ಲಿ ಬಸಂತರ್ ನದಿ, ಅದರ ಆಚೀಚೆ ಪಾಕಿಸ್ತಾನ ಹೂತಿದ್ದ ನೆಲಬಾಂಬಿನ ಹೊಲ. ಡಿಸೆಂಬರ್ 15ರ ರಾತ್ರಿ ನಮ್ಮ ಟ್ಯಾಂಕುಗಳಿಗೆ ದಾರಿ ಬಿಡಿಸುವ ಹೊಣೆ ತಾತನ ರೆಜಿಮೆಂಟಿನದು.

ತಾತ ಈ ಕಥೆಯನ್ನು ಹೇಳುತ್ತಿದ್ದದ್ದೇ ಅಪರೂಪ. ಹೇಳಿದರೆ ಹೀಗೆ: “ರಾಗಿ ಹೊಲದಾಗೆ ಕಳೆ ಕೀಳ್ದೋನಿಗೆ ಆ ಕೆಲ್ಸ ಹೊಸ್ದೇನಲ್ಲ. ಬಗ್ಗಿ ಕೂತು ಗೇಣು ಗೇಣು ಮುಂದಕ್ಕೆ ಹೋಗ್ಬೇಕು. ಆದ್ರೆ ಇಲ್ಲಿ ಒಂದ್ ಕಳೆ ಬಿಟ್ರೆ ಫಸಲು ಕಮ್ಮಿ ಆಯ್ತದೆ. ಅಲ್ಲಿ ಒಂದ್ ಬಿಟ್ರೆ ಹಿಂದೆ ಬರೋನ ಕಾಲೇ ಇರಾಕಿಲ್ಲ.” ಮೇಲಿಂದ ಗುಂಡು, ಷೆಲ್ಲು ಬೀಳುತ್ತಲೇ ಇತ್ತಂತೆ. ದಾರಿ ಪೂರ್ತಿ ತೆರವಾಗುವ ಮೊದಲೇ ಪೂನಾ ಹಾರ್ಸ್ ಟ್ಯಾಂಕುಗಳು ನುಗ್ಗಿದವು, ಅಷ್ಟು ತುರ್ತಾಗಿತ್ತು. ಮಾರನೆಯ ದಿನ ಅದೇ ಪೂನಾ ಹಾರ್ಸ್‌ನ ಇಪ್ಪತ್ತೊಂದು ವರ್ಷದ ಅರುಣ್ ಖೇತರ್‌ಪಾಲ್ ಟ್ಯಾಂಕಿನೊಳಗೇ ಹೋರಾಡುತ್ತಾ ಪ್ರಾಣ ಬಿಟ್ಟರು. ಅವರಿಗೆ ಮರಣೋತ್ತರ ಪರಮವೀರ ಚಕ್ರ ಬಂತು. ತಾತನ ಪಕ್ಕದಲ್ಲಿ ಕೂತು ಕೆಲಸ ಮಾಡುತ್ತಿದ್ದ ಒಬ್ಬರೂ ಆ ರಾತ್ರಿ ವಾಪಸ್ ಬರಲಿಲ್ಲ. ಅವರ ಹೆಸರು ಬಂದ ಕೂಡಲೇ ತಾತ ಮಾತು ನಿಲ್ಲಿಸಿ ಎದ್ದು ಹೋಗೋರು.

ಊರಲ್ಲಿದ್ದ ಸಿಪಾಯಿ

ಯುದ್ಧದ ಕಥೆಯಲ್ಲಿ ಅಜ್ಜಿಯ ಪಾಲನ್ನು ಯಾರೂ ಕೇಳುವುದಿಲ್ಲ. ಆಗ ಅಜ್ಜಿಗೆ ಇಪ್ಪತ್ತೆರಡು ವರ್ಷ. ಕಂಕುಳಲ್ಲಿ ನಮ್ಮಪ್ಪ, ಹೊಲದಲ್ಲಿ ಕಟಾವಿಗೆ ಬಂದ ರಾಗಿ. ಡಿಸೆಂಬರ್ 17ಕ್ಕೆ ಕದನ ನಿಂತಿತು ಅಂತ ಮೇಷ್ಟ್ರ ಮನೆ ರೇಡಿಯೋದಲ್ಲಿ ಬಂತು. ತಾತನ ಕಾಗದ ಮಾತ್ರ ಬರಲಿಲ್ಲ. ಅಜ್ಜಿ ದಿನಾ ರಾಗಿ ಕೊಯ್ದು, ಸಂಜೆ ಅಂಚೆಯವನ ದಾರಿ ಕಾಯೋರು. “ತಾಳಿ ಮುಟ್ಟಿ ನೋಡ್ಕಳ್ತಿದ್ದೆ, ಅಷ್ಟೇಯ” ಅನ್ನುತ್ತಾರೆ. ಸಂಕ್ರಾಂತಿ ಕಳೆದ ಮೇಲೆ ಕಾಗದ ಬಂತು. ಮೇಷ್ಟ್ರು ಓದಿ ಹೇಳಿದರು. ಅದರಲ್ಲಿದ್ದದ್ದು ನಾಲ್ಕೇ ಸಾಲು: ನಾನು ಕ್ಷೇಮ, ಎತ್ತು ಹೇಗಿದೆ, ಮಗು ಹೇಗಿದೆ, ಹಣ ಕಳಿಸುತ್ತೇನೆ.

1980ರಲ್ಲಿ ಹದಿನೇಳು ವರ್ಷದ ಸೇವೆ ಮುಗಿಸಿ ತಾತ ಊರಿಗೆ ಬಂದರು. ಅಷ್ಟೊತ್ತಿಗೆ ನಮ್ಮ ಸೀಮೆಯಲ್ಲಿ ರಾಗಿ ಹೊಲಗಳಿಗೆ ಹೊಗೆಸೊಪ್ಪು ಕಾಲಿಟ್ಟಿತ್ತು. ತಾತನೂ ಬ್ಯಾರನ್ ಕಟ್ಟಿಸಿದರು. ಸೊಪ್ಪು ಹದವಾಗಿ ಬೇಯಬೇಕಾದರೆ ದಿನಗಟ್ಟಲೆ ಹಗಲು ರಾತ್ರಿ ಬೆಂಕಿ ನೋಡಿಕೊಳ್ಳಬೇಕು. ಬಿಸಿ ಏರಿದರೂ ಕಷ್ಟ, ಇಳಿದರೂ ಕಷ್ಟ. ಬೇರೆಯವರು ನಿದ್ದೆಗೆಟ್ಟು ಗೊಣಗಿದರೆ ತಾತ ಕಂಬಳಿ ಹೊದ್ದು ಒಲೆ ಮುಂದೆ ಕೂತು, “ಇದು ನಂಗೆ ಸೆಂಟ್ರಿ ಡ್ಯೂಟಿ” ಅನ್ನೋರು. ಅವರಿಗೆ ರಾತ್ರಿ ನಿದ್ದೆ ಬರುತ್ತಿರಲಿಲ್ಲ ಅನ್ನುವುದು ಅಜ್ಜಿಗೆ ಮಾತ್ರ ಗೊತ್ತಿತ್ತು. ಯಾಕೆ ಅಂತ ಅಜ್ಜಿ ಕೇಳಲಿಲ್ಲ, ಅವರು ಹೇಳಲೂ ಇಲ್ಲ. ಎಷ್ಟೋ ರಾತ್ರಿ ಅಜ್ಜಿಯೂ ಒಂದು ಲೋಟ ಕಾಫಿ ಹಿಡಿದು ಹೋಗಿ ಪಕ್ಕದಲ್ಲಿ ಕೂರೋರು.

ಕಾಗದದಲ್ಲೊಂದು ಹೆಸರು

ತಾತ ಹೋದ ಮೇಲೆ ಇನ್ನೊಂದು ಯುದ್ಧ ಶುರುವಾಯಿತು. ಡಿಸ್ಚಾರ್ಜ್ ಪುಸ್ತಕದಲ್ಲಿ ಅಜ್ಜಿಯ ಹೆಸರು ತವರಿನವರು ಇಟ್ಟದ್ದು, ಆಧಾರ್ ಕಾರ್ಡಿನಲ್ಲಿ ಇರೋದು ಗಂಡನ ಮನೆಯವರು ಕರೆದದ್ದು. ಇಬ್ಬರೂ ಒಬ್ಬರೇ ಅಂತ ಒಪ್ಪಿಸುವಷ್ಟರಲ್ಲಿ ಏಳು ತಿಂಗಳು ಕಳೆದವು. ಅಷ್ಟೂ ದಿನ ಕುಟುಂಬ ಪಿಂಚಣಿ ಇಲ್ಲ. ಒಂದು ಕೌಂಟರಿನಲ್ಲಂತೂ, “ನೀವು ಅವರ ಹೆಂಡತಿ ಅನ್ನೋದಕ್ಕೆ ಏನು ದಾಖಲೆ?” ಅಂತ ಕೇಳಿದರು. ಅಜ್ಜಿ ಏನೂ ಅನ್ನದೆ ಸೆರಗಿನ ಗಂಟು ಬಿಚ್ಚಿ 1972ರ ಆ ಇನ್‌ಲ್ಯಾಂಡ್ ಕಾಗದ ಮೇಜಿನ ಮೇಲಿಟ್ಟರು. ನಿಯಮದ ಪ್ರಕಾರ ಅದು ದಾಖಲೆಯಲ್ಲ. ಆದರೆ ಅದನ್ನು ಓದಿದ ಆ ಹುಡುಗ ಎದ್ದು ನಿಂತು, ಯಾವ ಅಫಿಡವಿಟ್ ಬೇಕು, ಎಲ್ಲಿ ಸಹಿ ಬೇಕು ಎಂದು ತಾನೇ ಬರೆದುಕೊಟ್ಟ.

ಹಾಗಾಗಿ ಮನೆಯಲ್ಲಿ ಮಾಜಿ ಸೈನಿಕರಿರುವ ಓದುಗರಲ್ಲಿ ಒಂದು ಮಾತು. ಡಿಸ್ಚಾರ್ಜ್ ಪುಸ್ತಕ, ಪಿಂಚಣಿ ಆದೇಶ, ಆಧಾರ್, ಬ್ಯಾಂಕ್ ಪಾಸ್‌ಬುಕ್ ನಾಲ್ಕನ್ನೂ ಒಟ್ಟಿಗಿಟ್ಟು ಹೆಂಡತಿಯ ಹೆಸರು, ಹುಟ್ಟಿದ ತಾರೀಕು ಒಂದೇ ಇದೆಯಾ ನೋಡಿ. ಇಲ್ಲದಿದ್ದರೆ ಅವರು ಇರುವಾಗಲೇ ಸರಿ ಮಾಡಿಸಿ. ಜಿಲ್ಲಾ ಸೈನಿಕ ಕಲ್ಯಾಣ ಕಚೇರಿಯಲ್ಲಿ ದಾರಿ ಹೇಳುತ್ತಾರೆ.

ಅಜ್ಜಿಗೆ ಈಗ ಪಿಂಚಣಿ ಬರುತ್ತಿದೆ. ಮೊದಲ ಹಣದಲ್ಲಿ ಏನು ತಗೊಂಡ್ರಿ ಅಂತ ಕೇಳಿದೆ. “ರಾಗಿ ಬಿತ್ತನೆ ಬೀಜ” ಅಂದರು.